ಮೊದಲ ಬಾಡಿಗೆ ಆಸ್ತಿ: ಮೇಲಂತಸ್ತೋ, ಹಳೆ ಚಾಳವೋ, ಹೊಸ ಪ್ಲಾಟೋ?

ಹುಬ್ಬಳ್ಳಿ-ಧಾರವಾಡದಲ್ಲಿ ಕೈಯಲ್ಲಿ ಇಪ್ಪತ್ತು-ಮೂವತ್ತು ಲಕ್ಷ ಕೂಡಿದೆ ಎಂದು ಗೊತ್ತಾದರೆ ಸಾಕು, ಬಂಧು-ಬಳಗದಿಂದ ಎರಡು ಮಾತು ಬರುತ್ತವೆ. "ಊರ ಹೊರಗ ಒಂದ್ ಪ್ಲಾಟ್ ಹಿಡದ್ ಬಿಡು, ಹತ್ತ್ ವರ್ಷಕ್ಕ ರೇಟ್ ಎಲ್ಲಿಗೋ ಹೊಕ್ಕೈತಿ" ಎನ್ನುವುದು ಒಂದು. "ನಾಕ್ ಮನಿ ಮಾಡಿ ಬಾಡಿಗಿ ಕೊಡು, ತಿಂಗಳಾ ತಿಂಗಳಾ ರೊಕ್ಕ ಬರತೈತಿ" ಎನ್ನುವುದು ಇನ್ನೊಂದು. ಈ ಬರಹ ಎರಡನೆಯ ಮಾತಿಗೆ ಮನಸ್ಸು ಮಾಡಿದವರಿಗಾಗಿ. ಎರಡರಿಂದ ನಾಲ್ಕು ಸಂಸಾರ ಬಾಡಿಗೆಗೆ ಇರಬಹುದಾದ ಒಂದು ಸಣ್ಣ ಕಟ್ಟಡವನ್ನು ಮೊದಲ ಸಲ ಮಾಡಿಕೊಳ್ಳಬೇಕೆಂದಿರುವ ನೌಕರರು, ಅಂಗಡಿಕಾರರು, ಹೊಲ ಮಾರಿದ ದುಡ್ಡನ್ನು ಎಲ್ಲಿ ತೊಡಗಿಸಲಿ ಎಂದು ಯೋಚಿಸುತ್ತಿರುವವರು ಇದನ್ನು ಓದಬೇಕು.

ದಾರಿಗಳು ನಾಲ್ಕು. ಇರುವ ಸ್ವಂತ ಮನೆಯ ಮೇಲೆ ಅಂತಸ್ತು ಏರಿಸುವುದು. ಮೂರು-ನಾಲ್ಕು ಪೋರ್ಶನ್ ಇರುವ ಹಳೆಯ ಮನೆ ಅಥವಾ ಸಣ್ಣ ಚಾಳ ಕೊಳ್ಳುವುದು. ಖಾಲಿ ಪ್ಲಾಟ್ ಹಿಡಿದು ಹೊಸದಾಗಿ ಕಟ್ಟುವುದು. ಫ್ಲ್ಯಾಟ್ ಕೊಂಡು ಬಾಡಿಗೆಗೆ ಕೊಡುವುದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ: ಇದೇ ಕ್ರಮದಲ್ಲಿ ಒಂದೊಂದನ್ನೇ ಪರಿಶೀಲಿಸಿ, ಮೊದಲನೆಯದು ನಿಮಗೆ ಸಾಧ್ಯವೇ ಇಲ್ಲ ಎಂದು ಖಾತ್ರಿಯಾದ ಮೇಲೆ ಮಾತ್ರ ಎರಡನೆಯದಕ್ಕೆ ಹೋಗಿ. ನಮ್ಮ ಕಡೆಯ ಊರುಗಳಲ್ಲಿ ಬಾಡಿಗೆಗೆ ಹೋಲಿಸಿದರೆ ಜಾಗದ ಬೆಲೆ ಬಹಳ ಹೆಚ್ಚು. ಜಾಗಕ್ಕೆ ಎಷ್ಟು ಕಡಿಮೆ ಸಾಲ ಮಾಡುತ್ತೀರೋ ಬಾಡಿಗೆ ಅಷ್ಟು ನಿಮ್ಮದಾಗಿ ಉಳಿಯುತ್ತದೆ.

ಲೆಕ್ಕ ಹಾಕುವ ಬಗೆ

ಒಂದು ಉದಾಹರಣೆ ನೋಡೋಣ. ಅಂಕಿಗಳು ಲೆಕ್ಕದ ದಾರಿ ತೋರಿಸಲು ಮಾತ್ರ, ನಿಮ್ಮ ಓಣಿಯ ಬೆಲೆ ಹಾಕಿ ಮತ್ತೆ ಮಾಡಿ. ನಾಲ್ಕು ಮನೆಗಳಿರುವ ಕಟ್ಟಡಕ್ಕೆ 80 ಲಕ್ಷ ಎನ್ನೋಣ. ಒಂದೊಂದು ಮನೆಗೆ 8,000 ಬಾಡಿಗೆ, ತಿಂಗಳಿಗೆ 32,000, ವರ್ಷಕ್ಕೆ 3,84,000. ಇದರಲ್ಲಿ ಪಾಲಿಕೆಯ ಕರ, ಸುಣ್ಣ-ಬಣ್ಣ, ಮೋಟಾರು ರಿಪೇರಿ, ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ ಖಾಲಿ ಬಿದ್ದ ದಿನಗಳು, ಇವೆಲ್ಲಕ್ಕೂ ನೂರಕ್ಕೆ 15 ತೆಗೆದಿಡಿ. ಉಳಿಯುವುದು ತಿಂಗಳಿಗೆ ಸುಮಾರು 27,200.

ಈಗ ಖರ್ಚಿನ ಕಡೆ ಬನ್ನಿ. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಸೆಸ್ಸು-ಸರ್‌ಚಾರ್ಜು ಸೇರಿ ನಗರ ಪ್ರದೇಶದಲ್ಲಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 1ರಿಂದ 2ಕ್ಕೆ ಏರಿದೆ. ಒಟ್ಟು 7.6, ಅಂದರೆ 80 ಲಕ್ಷಕ್ಕೆ ಆರು ಲಕ್ಷದ ಮೇಲೆ. ಈ ಮೊತ್ತವನ್ನು ಬ್ಯಾಂಕು ಆಸ್ತಿಯ ಬೆಲೆಯಲ್ಲಿ ಸೇರಿಸಿ ಸಾಲ ಕೊಡುವುದಿಲ್ಲ, ನಿಮ್ಮ ಕೈಯಿಂದಲೇ ಹೋಗಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಗೃಹಸಾಲ ಆಸ್ತಿಯ ಬೆಲೆಯ ನೂರಕ್ಕೆ 80 ಮೀರುವಂತಿಲ್ಲ. ಹಾಗಾಗಿ ಬ್ಯಾಂಕು 64 ಲಕ್ಷದವರೆಗೂ ಕೊಡಬಹುದು. ಕೊಡುತ್ತಾರೆಂದು ತೆಗೆದುಕೊಂಡರೆ ಏನಾಗುತ್ತದೆ ನೋಡಿ: ಶೇಕಡಾ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ 60 ಲಕ್ಷ ಸಾಲ ಮಾಡಿದರೆ ತಿಂಗಳ ಕಂತು ಸುಮಾರು 52,000. ಬಾಡಿಗೆಯಿಂದ 27,200 ಬಂದರೆ ಉಳಿದ ಸುಮಾರು 25,000 ಪ್ರತಿ ತಿಂಗಳೂ ನಿಮ್ಮ ಪಗಾರದಿಂದ ಹೋಗಬೇಕು. ಅದೇ 30 ಲಕ್ಷ ಸಾಲವಾದರೆ ಕಂತು 26,000. ಆಗ ಬಾಡಿಗೆಯೇ ಕಂತನ್ನು ಕಟ್ಟುತ್ತದೆ, ಆದರೆ ಕೈಯಿಂದ 56 ಲಕ್ಷ ಹಾಕಿರಬೇಕು.

ಹೊಸಬರಿಗೆ ನಾನು ಹೇಳುವ ಪರೀಕ್ಷೆ ಇದೊಂದೇ: ಖರ್ಚು ಕಳೆದು ಉಳಿದ ಬಾಡಿಗೆಯಲ್ಲಿ ಕಂತು ಹೋಗಬೇಕು. ಬೆಲೆ ಏರುತ್ತದೆ ಎಂಬ ನಂಬಿಕೆಯ ಮೇಲೆ ತಿಂಗಳಿಗೆ 25,000 ಕೈಯಿಂದ ಹಾಕುವ ಶಕ್ತಿ ಇರುವವರು ಇದ್ದಾರೆ. ಮಕ್ಕಳ ಫೀ, ತಂದೆ-ತಾಯಿಯ ಔಷಧಿ ನೋಡಿಕೊಳ್ಳಬೇಕಾದ ಮನೆಯಲ್ಲಿ ಅದು ಬಹಳ ದೊಡ್ಡ ಭಾರ.

ಸ್ವಂತ ಮನೆಯ ಮೇಲೆ

ಇಲ್ಲಿ ಜಾಗದ ಖರ್ಚಿಲ್ಲ, ನೋಂದಣಿ ಖರ್ಚಿಲ್ಲ. 800 ಚದರಡಿಯ ಅಂತಸ್ತಿಗೆ ಚದರಡಿಗೆ 2,000ದಂತೆ 16 ಲಕ್ಷ, ಮೆಟ್ಟಿಲು, ಹೊಸ ಟಾಕಿ, ವೈರಿಂಗು ಎಂದು ಇನ್ನೆರಡು ಲಕ್ಷ ಸೇರಿಸಿ 18 ಲಕ್ಷ ಎಂದುಕೊಳ್ಳಿ. ತಲಾ 7,000ದ ಎರಡು ಸಣ್ಣ ಮನೆಗಳಾದರೆ ಖರ್ಚು ಕಳೆದು ತಿಂಗಳಿಗೆ 11,900 ಉಳಿಯುತ್ತದೆ. 12 ಲಕ್ಷ ಸಾಲದ ಕಂತು 10,400. ಮೊದಲ ತಿಂಗಳಿಂದಲೇ ಬಾಡಿಗೆ ಕಂತನ್ನು ಹೊರುತ್ತದೆ, ಕೈಯಿಂದ ಹಾಕಿದ್ದು ಆರು ಲಕ್ಷ ಮಾತ್ರ. ಮೇಲಿನ ನಾಲ್ಕು ಮನೆಗಳ ಉದಾಹರಣೆಯ ಪಕ್ಕದಲ್ಲಿಟ್ಟು ನೋಡಿದರೆ ನಾನು ಇದನ್ನೇಕೆ ಮೊದಲು ಇಟ್ಟಿದ್ದೇನೆಂದು ತಿಳಿಯುತ್ತದೆ. ಬಾಡಿಗೆದಾರರು ಕಣ್ಣೆದುರಿಗೇ ಇರುತ್ತಾರೆ, ನಲ್ಲಿ ಸೋರಿದರೆ ಅದೇ ದಿನ ಗೊತ್ತಾಗುತ್ತದೆ.

ಎಲ್ಲ ಮನೆಗಳೂ ಮೇಲಂತಸ್ತನ್ನು ಹೊರಲಾರವು. ಪಿಲ್ಲರ್ ಇಲ್ಲದೆ, ಕಲ್ಲು-ಮಣ್ಣಿನ ಗೋಡೆಗಳೇ ಭಾರ ಹೊತ್ತಿರುವ ಮನೆಯಾದರೆ ಈ ಯೋಚನೆಯನ್ನೇ ಬಿಡಿ. ಪಿಲ್ಲರ್ ಇದ್ದರೂ ಬುನಾದಿ ಎಷ್ಟು ಅಂತಸ್ತಿಗೆ ಹಾಕಿದ್ದು ಎಂಬುದು ಮುಖ್ಯ. ಹಳೆಯ ನಕಾಶೆ ಸಿಗದಿದ್ದರೆ ಒಂದು ಮೂಲೆಯಲ್ಲಿ ಬುನಾದಿಯ ಪಕ್ಕ ಗುಂಡಿ ತೆಗೆಸಿ, ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ತೋರಿಸಿ. ಗೌಂಡಿಯ ಮಾತು ಇದಕ್ಕೆ ಸಾಲದು, ಅವರು ಎಷ್ಟೇ ಅನುಭವಸ್ಥರಾಗಿದ್ದರೂ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಬೇಸಿಗೆಯಲ್ಲಿ ಅಗಲವಾಗಿ, ಮಳೆಗಾಲದಲ್ಲಿ ಕೂಡಿಕೊಳ್ಳುತ್ತಿದ್ದರೆ ಕೆಳಗಿನ ಎರೆ ಮಣ್ಣು (ಕಪ್ಪು ಮಣ್ಣು) ಕುಗ್ಗಿ-ಉಬ್ಬಿ ಕೆಲಸ ಮಾಡುತ್ತಿದೆ ಎಂದರ್ಥ. ಅಂಥ ಮನೆಯ ಮೇಲೆ ಭಾರ ಹೇರಬಾರದು.

ಪಾಲಿಕೆಯ ಪರವಾನಗಿ ಇಲ್ಲದೆ ಅಂತಸ್ತು ಏರಿಸುವವರು ಬಹಳ. ಮಾಡಿದವರಿಗೆ ಮುಂದೆ ಸಾಲ ಸಿಗುವುದು ಕಷ್ಟ, ಮಾರುವಾಗ ಕಷ್ಟ. ಸುತ್ತ ಬಿಟ್ಟ ಜಾಗ, ರಸ್ತೆಯ ಅಗಲ ನೋಡಿ ಎಷ್ಟು ಕಟ್ಟಬಹುದೆಂದು ಮೊದಲೇ ಕೇಳಿಕೊಳ್ಳಿ. ಮೆಟ್ಟಿಲು ಹೊರಗಿನಿಂದಲೇ ಇರಲಿ, ಒಳಗಿನ ಪಡಸಾಲೆಯಿಂದ ಹತ್ತುವ ಮನೆಗೆ ಒಳ್ಳೆಯ ಬಾಡಿಗೆದಾರರು ಬರುವುದಿಲ್ಲ. ಪ್ರತಿ ಮನೆಗೂ ಬೇರೆ ಹೆಸ್ಕಾಂ ಮೀಟರು, ಬೇರೆ ಆರ್.ಆರ್. ನಂಬರ್ ಹಾಕಿಸಿ. 2023ರಲ್ಲಿ ಗೃಹಜ್ಯೋತಿ ಶುರುವಾದ ಮೇಲೆ ಇದು ಬಾಡಿಗೆದಾರರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು. ಯೋಜನೆ ಬಾಡಿಗೆ ಮನೆಯವರಿಗೂ ಇದೆ, ಆದರೆ ಎರಡು ಸಂಸಾರ ಒಂದೇ ಮೀಟರಿನಲ್ಲಿದ್ದರೆ ಅದರ ಪ್ರಯೋಜನ ಒಬ್ಬರಿಗಷ್ಟೇ.

ಇನ್ನು ಮನೆಯೊಳಗಿನ ಮಾತು. ಆಸ್ತಿ ತಂದೆಯ ಹೆಸರಿನಲ್ಲಿದ್ದು, ಮೇಲಂತಸ್ತಿಗೆ ದುಡ್ಡು ಹಾಕುವವರು ನೀವಾಗಿದ್ದು, ಅಣ್ಣ-ತಮ್ಮ, ಅಕ್ಕ-ತಂಗಿಯರಿದ್ದರೆ, ಇಟ್ಟಿಗೆ ತರಿಸುವ ಮೊದಲು ಎಲ್ಲರನ್ನೂ ಕೂಡಿಸಿ ಮಾತಾಡಿ. ಮೇಲಿನ ಬಾಡಿಗೆ ಯಾರಿಗೆ, ಮುಂದೆ ವಾಟ್ನಿ (ಆಸ್ತಿಯ ಪಾಲು) ಆಗುವಾಗ ಮೇಲಿನ ಭಾಗ ಯಾರದು ಎಂಬುದನ್ನು ವಕೀಲರ ಮುಂದೆ ಕಾಗದಕ್ಕೆ ಇಳಿಸಿ, ನೋಂದಾಯಿಸಿ. ಅಪ್ಪಾಜಿ ಇರುವಾಗ ಈ ಮಾತು ಎತ್ತಲು ಸಂಕೋಚವಾಗುವುದು ಸಹಜ. ಅವರಿರುವಾಗ ಅವರ ಬಾಯಿಂದಲೇ ಬಂದ ಮಾತಿಗೆ ಇರುವ ತೂಕ ಆಮೇಲೆ ಯಾರ ಮಾತಿಗೂ ಬರುವುದಿಲ್ಲ.

ಹಳೆಯ ಮನೆ, ಸಣ್ಣ ಚಾಳ

ಸ್ವಂತ ಮನೆ ಇಲ್ಲದವರಿಗೆ, ಅಥವಾ ಇದ್ದದ್ದು ಅಂತಸ್ತು ಹೊರಲಾರದವರಿಗೆ ಇದು ಮುಂದಿನ ದಾರಿ. ಹಳೆ ಹುಬ್ಬಳ್ಳಿ, ಕೇಶ್ವಾಪುರ, ವಿದ್ಯಾನಗರದ ಒಳ ಓಣಿಗಳು, ಧಾರವಾಡದ ಮಾಳಮಡ್ಡಿ, ಸಪ್ತಾಪುರ ಇಂಥ ಕಡೆ ಒಂದೇ ಕಾಂಪೌಂಡಿನಲ್ಲಿ ಮೂರು-ನಾಲ್ಕು ಪೋರ್ಶನ್ ಇರುವ ಮನೆಗಳು ಆಗಾಗ ಮಾರಾಟಕ್ಕೆ ಬರುತ್ತವೆ. ಒಂದರಲ್ಲಿ ನೀವೇ ಇದ್ದು ಉಳಿದವನ್ನು ಬಾಡಿಗೆಗೆ ಕೊಡುವುದು ಮೊದಲ ಸಲಕ್ಕೆ ಬಹಳ ಒಳ್ಳೆಯ ವ್ಯವಸ್ಥೆ. ನೀವು ಈಗ ಕಟ್ಟುತ್ತಿರುವ ಬಾಡಿಗೆ ಉಳಿಯುತ್ತದೆ, ಅದನ್ನೂ ಆದಾಯವೆಂದೇ ಲೆಕ್ಕಕ್ಕೆ ಹಿಡಿಯಿರಿ.

ಗೋಡೆಗಿಂತ ಕಾಗದ ಮುಖ್ಯವಾಗುವುದು ಇಲ್ಲಿಯೇ. ಊರ ನಡುವಿನ ಹಳೆಯ ಆಸ್ತಿಗಳಿಗೆ ಸಿಟಿ ಸರ್ವೆಯ ಉತಾರ (ಹಕ್ಕುದಾಖಲೆಯ ಪ್ರತಿ) ಇರುತ್ತದೆ, ಸಿ.ಟಿ.ಎಸ್. ನಂಬರ್ ಇರುತ್ತದೆ. ಆ ಉತಾರದಲ್ಲಿರುವ ಹೆಸರುಗಳು, ಪಾಲಿಕೆಯ ಇ-ಆಸ್ತಿ ಖಾತೆಯಲ್ಲಿರುವ ಹೆಸರುಗಳು, ಖರೀದಿ ಪತ್ರ ಬರೆದುಕೊಡಲು ಬಂದವರ ಹೆಸರುಗಳು ಮೂರೂ ತಾಳೆಯಾಗಬೇಕು. ಎಷ್ಟೋ ಕಡೆ ಉತಾರದಲ್ಲಿ ತೀರಿಹೋದ ಅಜ್ಜನ ಹೆಸರೇ ಇರುತ್ತದೆ. ಅಳತೆಯನ್ನೂ ತಾಳೆ ನೋಡಿ, ಉತಾರದ ಚದರ ಮೀಟರಿಗೂ ಸ್ಥಳದಲ್ಲಿ ಟೇಪು ಹಿಡಿದಾಗ ಸಿಗುವುದಕ್ಕೂ ವ್ಯತ್ಯಾಸವಿದ್ದರೆ ಪಕ್ಕದವರ ಒತ್ತುವರಿ ಇದೆಯೇ ಎಂದು ಕೇಳಿ.

ಅತಿ ಹೆಚ್ಚು ಜನ ಸಿಕ್ಕಿಬೀಳುವುದು ಹೆಣ್ಣುಮಕ್ಕಳ ಹಿಸ್ಸೆಯ ವಿಷಯದಲ್ಲಿ. "ಅಕ್ಕಂದ್ರ ಮದಿವಿ ಆಗಿ ಹೋಗ್ಯಾರ, ಅವರದೇನ್ ತಕರಾರಿಲ್ಲ" ಎಂದು ಅಣ್ಣತಮ್ಮಂದಿರು ಹೇಳುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಾದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿದ್ದಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ತಕರಾರಿಲ್ಲದ ಅಕ್ಕ ಬಂದು ಸಹಿ ಹಾಕಲಿ. ಅವರು ಪುಣೆಯಲ್ಲಿರಲಿ, ಸೊಲ್ಲಾಪುರದಲ್ಲಿರಲಿ, ಒಂದು ದಿನ ಉಪನೋಂದಣಿ ಕಚೇರಿಗೆ ಬರಬೇಕು ಅಥವಾ ಕ್ರಮಬದ್ಧವಾದ ಮುಖತ್ಯಾರ ಪತ್ರ ಕಳಿಸಬೇಕು. ಇದರಲ್ಲಿ ಸಡಿಲ ಬಿಡಬೇಡಿ. ಸಹಿ ಇಲ್ಲದೆ ಕೊಂಡರೆ ಮುಂದೊಂದು ದಿನ ನಿಮ್ಮ ಹೆಸರಿಗೆ ದಾವೆ ಬರುತ್ತದೆ, ಮತ್ತು ನ್ಯಾಯ ಆ ಹೆಣ್ಣುಮಗಳ ಕಡೆಗೇ ಇರುತ್ತದೆ.

ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇ.ಸಿ. (ಋಣಭಾರ ಪತ್ರ) ತೆಗೆಸಿ, ಕನಿಷ್ಠ 30 ವರ್ಷದ್ದು ನೋಡಿ, ಹಳೆಯ ವರ್ಷಗಳಿಗೆ ಉಪನೋಂದಣಿ ಕಚೇರಿಗೆ ಅರ್ಜಿ ಕೊಡಿ. ಬ್ಯಾಂಕಿನ ಭೋಜಾ (ಸಾಲದ ಹೊರೆ) ಇದ್ದರೆ ಅದರಲ್ಲಿ ಗೊತ್ತಾಗಬಹುದು. ಕೋರ್ಟಿನಲ್ಲಿರುವ ವಾಟ್ನಿ ದಾವೆ ಸಾಮಾನ್ಯವಾಗಿ ಇ.ಸಿ.ಯಲ್ಲಿ ಕಾಣುವುದಿಲ್ಲ, ಅದಕ್ಕೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರುವವರ ಮನೆತನದ ಹೆಸರುಗಳನ್ನು ಹಾಕಿ ಹುಡುಕಿ. ದುಡ್ಡಿನ ಖರ್ಚಿಲ್ಲದ ಕೆಲಸ ಇದು, ಆದರೂ ಮಾಡುವವರು ಕಡಿಮೆ.

ಒಳಗಿರುವ ಬಾಡಿಗೆದಾರರನ್ನೂ ಮರೆಯಬೇಡಿ. ಮೂವತ್ತು ವರ್ಷದಿಂದ ಇರುವ ಸಂಸಾರ, ಹೆಸರಿಗಷ್ಟೇ ಬಾಡಿಗೆ, ಕರಾರು ಪತ್ರ ಇಲ್ಲ. ಇಂಥ ಚಾಳ ಅಗ್ಗಕ್ಕೆ ಸಿಗುತ್ತದೆ, ಆದರೆ ಅವರನ್ನು ಬಿಡಿಸುವ ದಾವೆ ವರ್ಷಗಟ್ಟಲೆ ನಡೆಯುತ್ತದೆ. ಖಾಲಿ ಮಾಡಿಸಿ ಕೊಡುವುದು ಮಾರುವವರ ಜವಾಬ್ದಾರಿ ಎಂದು ಬರೆಸಿ. ಇರಬೇಕೆಂದವರು ನಿಮ್ಮ ಹೆಸರಿಗೆ ಹೊಸ ಕರಾರು ಮಾಡಿಕೊಡಲಿ. ಅವರು ಹಿಂದಿನ ಮಾಲೀಕರಿಗೆ ಕೊಟ್ಟ ಡಿಪಾಜಿಟ್ಟನ್ನು ಖರೀದಿಯ ಮೊತ್ತದಿಂದ ಕಳೆಯಿರಿ, ಏಕೆಂದರೆ ಅದನ್ನು ತಿರುಗಿ ಕೊಡಬೇಕಾದವರು ಇನ್ನು ನೀವು. ಎಷ್ಟೋ ಜನ ಇದನ್ನು ಕೇಳುವುದೇ ಇಲ್ಲ.

ಕಟ್ಟಡ ನೋಡಲು ಮಳೆ ಹಿಡಿದ ದಿನವೇ ಹೋಗಿ. ಧಾರವಾಡದ ಹಂಚಿನ ಮನೆಗಳ ನಿಜಸ್ಥಿತಿ ಜುಲೈ ತಿಂಗಳಲ್ಲಿ ತಿಳಿಯುತ್ತದೆ. ಎಲ್ಲ ಪೋರ್ಶನ್‌ಗೂ ಸೇರಿ ಒಂದೇ ಸಂಡಾಸವಿದ್ದರೆ ಪ್ರತ್ಯೇಕ ಮಾಡಿಸಲು ಜಾಗ ಮತ್ತು ಒಳಚರಂಡಿಯ ಇಳಿಜಾರು ಇದೆಯೇ ನೋಡಿ, ಆ ಖರ್ಚನ್ನು ಬೆಲೆಯಲ್ಲಿ ಇಳಿಸಲು ಕೇಳಿ. ನೀರಿನ ವಿಷಯ ಓಣಿಗೊಂದು ಬಗೆ. ಅವಳಿನಗರಕ್ಕೆ ಮಲಪ್ರಭೆಯ ನೀರು ಬರುತ್ತದೆ, 2008ರಿಂದ ಕೆಲವು ವಾರ್ಡುಗಳಲ್ಲಿ ದಿನದ 24 ತಾಸೂ ಬರುತ್ತಿದೆ, ಬೇರೆ ಕಡೆ ದಿನಗಟ್ಟಲೆ ಕಾಯಬೇಕು. ಮನೆಯವರನ್ನು ಬಿಟ್ಟು ಎದುರು ಮನೆಯ ಹೆಣ್ಣುಮಕ್ಕಳನ್ನು ಕೇಳಿ, ಸರಿಯಾದ ಉತ್ತರ ಅಲ್ಲಿ ಸಿಗುತ್ತದೆ. ನಾಲ್ಕು ಸಂಸಾರಕ್ಕೆ ನೀರಿಲ್ಲದ ಆ ಅಷ್ಟೂ ದಿನ ಸಾಲುವಷ್ಟು ದೊಡ್ಡ ನೆಲಟಾಕಿ ಬೇಕೇ ಬೇಕು.

ಪ್ಲಾಟ್ ಹಿಡಿದು ಕಟ್ಟುವುದು

ಮನಸ್ಸಿಗೆ ಬಂದ ಹಾಗೆ ಕಟ್ಟಬಹುದು ಎಂಬುದು ಇದರ ಆಕರ್ಷಣೆ. ಹೊಸ ಮನೆಗೆ ಬಾಡಿಗೆಯೂ ಹೆಚ್ಚು ಬರುತ್ತದೆ, ಮೊದಲ ಕೆಲವು ವರ್ಷ ರಿಪೇರಿ ಇರುವುದಿಲ್ಲ. ಆದರೆ ಪ್ಲಾಟಿನ ದುಡ್ಡು ಹೋದ ದಿನದಿಂದ ಮೊದಲ ಬಾಡಿಗೆ ಬರುವವರೆಗೆ ಒಂದೂವರೆ-ಎರಡು ವರ್ಷ ಸುಲಭವಾಗಿ ಕಳೆಯುತ್ತದೆ, ಅಷ್ಟೂ ದಿನ ಬಡ್ಡಿ ನಡೆಯುತ್ತಿರುತ್ತದೆ. ಮೊದಲ ಆಸ್ತಿಯಲ್ಲೇ ಇದನ್ನು ತಡೆದುಕೊಳ್ಳುವುದು ಕಷ್ಟ.

ಗುಂಟಾ ಪ್ಲಾಟಿನ ಆಸೆಗೆ ಬೀಳಬೇಡಿ. ಕೃಷಿ ಭೂಮಿಯನ್ನು ಎನ್.ಎ. (ಕೃಷಿಯೇತರ) ಮಾಡಿಸದೆ ಒಂದೆರಡು ಗುಂಟೆಯಂತೆ ತುಂಡು ಮಾಡಿ ಮಾರುವ ಜಾಗ ಅದು. ಒಂದು ಗುಂಟೆ 1,089 ಚದರಡಿ, ಮಧ್ಯವರ್ತಿ ಅದನ್ನು ಅಂಗೈಯಲ್ಲಿಟ್ಟಂತೆ ಹೇಳುತ್ತಾರೆ, ಜಿಲ್ಲಾಧಿಕಾರಿಯ ಎನ್.ಎ. ಆದೇಶ ತೋರಿಸಿ ಎಂದರೆ ಮಾತು ಬದಲಾಗುತ್ತದೆ. ಎನ್.ಎ. ಆದೇಶ, ಹುಡಾ (ಅವಳಿನಗರದ ನಗರಾಭಿವೃದ್ಧಿ ಪ್ರಾಧಿಕಾರ) ಒಪ್ಪಿದ ಲೇಔಟ್ ನಕಾಶೆ, ನಿಮ್ಮ ಪ್ಲಾಟಿನ ಹೆಸರಿನಲ್ಲಿ ಇ-ಆಸ್ತಿ, ಮೂರೂ ಬೇಕು. ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ಫಾರ್ಮ್ 9 ಮತ್ತು 11ಎ. ಕ್ರಮಬದ್ಧವಲ್ಲದ ಆಸ್ತಿಗೆ ಕೊಡುವ 11ಬಿ ಇದ್ದರೆ ಬ್ಯಾಂಕುಗಳು ಹಿಂಜರಿಯುತ್ತವೆ, ಅಂಥದ್ದೇ ಆಸ್ತಿಗೆ ಪಾಲಿಕೆ ಕೊಡುವ ಬಿ-ಖಾತೆಯ ಕತೆಯೂ ಹಾಗೆಯೇ.

ಮಣ್ಣು ನಮ್ಮ ಭಾಗದಲ್ಲಿ ಬಜೆಟ್ಟನ್ನೇ ಬದಲಿಸುತ್ತದೆ. ಧಾರವಾಡದ ಪಡುವಣ ಬದಿಗೆ ಕೆಂಪು ಮಣ್ಣು, ಸ್ವಲ್ಪ ಅಗೆದರೆ ಗರಸು, ಅಂದರೆ ಗಟ್ಟಿ ನೆಲ. ಹುಬ್ಬಳ್ಳಿಯಿಂದ ಅಣ್ಣಿಗೇರಿ, ನವಲಗುಂದ, ಗದಗದ ಕಡೆಗೆ ಹೋದಂತೆ ಎರೆ. ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗುವ ಈ ಮಣ್ಣಿನಲ್ಲಿ ಬುನಾದಿಯನ್ನು ಗಟ್ಟಿ ನೆಲ ಸಿಗುವವರೆಗೆ ಇಳಿಸಬೇಕು, ಇಲ್ಲವೇ ತಳದಲ್ಲಿ ಅಗಲವಾಗುವ ಪೈಲ್ ಹಾಕಿ ಮೇಲೆ ಪ್ಲಿಂತ್ ಬೀಮು ಕಟ್ಟಬೇಕು. ಎರೆಯಲ್ಲಿ ಕಟ್ಟುವಾಗ ಚದರಡಿಯ ದರ ಹೇಳುವ ಗುತ್ತಿಗೆದಾರರನ್ನು ಬುನಾದಿ ಎಷ್ಟು ಅಡಿಯವರೆಗೆ ಆ ದರದಲ್ಲಿ ಸೇರಿದೆ ಎಂದು ಕೇಳಿ, ಕರಾರಿನಲ್ಲಿ ಬರೆಸಿ.

ಫ್ಲ್ಯಾಟ್

ಚೊಕ್ಕ ಕಾಗದ, ಸುಲಭ ಸಾಲ, ತಲೆನೋವು ಕಡಿಮೆ. ಆದರೆ ಒಂದೇ ಸಂಸಾರ, ಒಂದೇ ಬಾಡಿಗೆ. ಅವರು ಬಿಟ್ಟರೆ ಆದಾಯ ಪೂರ್ತಿ ನಿಂತು ಹೋಗುತ್ತದೆ. ನಾಲ್ಕು ಮನೆಗಳಲ್ಲಿ ಒಂದು ಖಾಲಿಯಾದರೆ ಮೂರರ ಬಾಡಿಗೆ ಬರುತ್ತಲೇ ಇರುತ್ತದೆ. ಕಟ್ಟುತ್ತಿರುವ ಫ್ಲ್ಯಾಟಿಗೆ ಜಿ.ಎಸ್.ಟಿ. ಬೇರೆ: ಸಾಮಾನ್ಯವಾಗಿ ನೂರಕ್ಕೆ 5, 45 ಲಕ್ಷದೊಳಗಿನ ಸಣ್ಣ ಮನೆಗೆ 1. ಬೇರೆ ಊರಿನಲ್ಲಿ ನೌಕರಿ ಮಾಡುತ್ತ ಇಲ್ಲಿ ಆಸ್ತಿ ಇಡಬೇಕೆನ್ನುವವರಿಗೆ ಮಾತ್ರ ಇದನ್ನು ಹೇಳುತ್ತೇನೆ.

ಯಾವ ಊರು, ಯಾವ ಬಾಡಿಗೆದಾರರು

ಧಾರವಾಡ ವಿದ್ಯಾರ್ಥಿಗಳ ಊರು. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಕಾಲೇಜುಗಳು, ಸಪ್ತಾಪುರದ ಸುತ್ತಲಿನ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಕೇಂದ್ರಗಳು. ಕಾಟ್ ಬೇಸಿಸ್ ಮೇಲೆ (ಒಂದು ಮಂಚಕ್ಕೆ ಇಷ್ಟು ಎಂದು) ಕೊಟ್ಟರೆ ಅದೇ ಮನೆಗೆ ಸಂಸಾರದವರಿಗಿಂತ ಹೆಚ್ಚು ಬಾಡಿಗೆ ಹುಟ್ಟುತ್ತದೆ. ಆದರೆ ಈ ಆದಾಯ ಏರಿಳಿಯುವಂಥದ್ದು. 2020ರಲ್ಲಿ ಕೊರೊನಾ ಬಂದು ಹುಡುಗರೆಲ್ಲ ಊರಿಗೆ ಹೋದಾಗ ಕೋಣೆಗಳು ಖಾಲಿ ಬಿದ್ದವು. ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಇಲ್ಲವೆಂದು 2024ರ ಅಕ್ಟೋಬರಿನಲ್ಲಿ ಸರ್ಕಾರ ನಿರ್ಧರಿಸಿತು. ಅಂಥ ನಿರ್ಧಾರವೊಂದು ಸಾಕು, ಪರೀಕ್ಷೆಗೆ ಓದುವ ಹುಡುಗ ಕೋಣೆ ಬಿಟ್ಟು ಊರಿಗೆ ಹೋಗಬೇಕೋ ಎಂದು ಯೋಚಿಸಲು. ಕೋಚಿಂಗ್ ಹುಡುಗರನ್ನೇ ನಂಬಿ ಸಾಲ ಮಾಡಬೇಡಿ. ಅಡುಗೆಮನೆ, ಸಂಡಾಸ ಪ್ರತ್ಯೇಕ ಇರುವ ಮನೆಯನ್ನೇ ಮಾಡಿ. ಹುಡುಗರಿಗೂ ಕೊಡಬಹುದು, ಅವರು ಬರದಿದ್ದರೆ ಹೈಕೋರ್ಟ್ ಪೀಠದ ಗುಮಾಸ್ತರ ಸಂಸಾರಕ್ಕೋ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಮಿಕರಿಗೋ ಕೊಡಬಹುದು.

ಹುಬ್ಬಳ್ಳಿಯಲ್ಲಿ ಬಾಡಿಗೆದಾರರ ಬಗೆ ಹೆಚ್ಚು. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ, ವರ್ಕ್‌ಶಾಪು, ಕಿಮ್ಸ್ ಆಸ್ಪತ್ರೆ, ವ್ಯಾಪಾರಿಗಳು, ವಿದ್ಯಾನಗರದ ಎಂಜಿನಿಯರಿಂಗ್ ಹುಡುಗರು. ಯಾವುದೋ ಒಂದು ವರ್ಗ ಕೈಕೊಟ್ಟರೂ ಮನೆ ಖಾಲಿ ಉಳಿಯುವುದು ಕಡಿಮೆ. ಮೊದಲ ಆಸ್ತಿಗೆ ನಾನು ಹುಬ್ಬಳ್ಳಿಯನ್ನೇ ಆರಿಸುತ್ತೇನೆ.

ಗದಗ, ಹಾವೇರಿ 1997ರಲ್ಲಿ ಜಿಲ್ಲೆಗಳಾದ ಮೇಲೆ ಜಿಲ್ಲಾ ಕಚೇರಿಗಳು ಬಂದವು, ಈಗ ಎರಡೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಬಾಡಿಗೆದಾರರಲ್ಲಿ ಸರ್ಕಾರಿ ನೌಕರರ ಪಾಲು ದೊಡ್ಡದು, ಬಾಡಿಗೆ ತಪ್ಪಿಸುವುದಿಲ್ಲ, ಆದರೆ ವರ್ಗಾವಣೆಯ ಕಾಲಕ್ಕೆ ಹೊರಟು ನಿಲ್ಲುತ್ತಾರೆ. ಅದೇ ಊರಿನಲ್ಲಿ ಇರುವವರಿಗೆ ಇವು ಒಳ್ಳೆಯ ಆಯ್ಕೆ. ಹುಬ್ಬಳ್ಳಿಯಲ್ಲಿದ್ದುಕೊಂಡು ಹಾವೇರಿಯ ಮನೆ ನೋಡಿಕೊಳ್ಳುವುದು ಬೇಡ, ಪ್ಲಂಬರ್‌ಗಾಗಿ ಎಪ್ಪತ್ತು ಕಿಲೋಮೀಟರಿಗೂ ಹೆಚ್ಚು ಓಡಾಡುವ ಬಾಡಿಗೆ ಲಾಭದ ಬಾಡಿಗೆಯಲ್ಲ.

ತೆರಿಗೆ ಮತ್ತು ಸಂಚಕಾರ

ಬಂದ ಬಾಡಿಗೆಯಲ್ಲಿ ಪಾಲಿಕೆಗೆ ಕಟ್ಟಿದ ಕರ ಕಳೆದು, ಉಳಿದದ್ದರಲ್ಲಿ ನೂರಕ್ಕೆ 30ನ್ನು ರಶೀದಿ ಕೇಳದೆ ಬಿಡುತ್ತಾರೆ, ಮೇಲೆ ಸಾಲದ ಬಡ್ಡಿಯನ್ನೂ ಕಳೆಯಬಹುದು. ಹೊಸ ತೆರಿಗೆ ಪದ್ಧತಿಯಲ್ಲಿ ಬಡ್ಡಿ ಬಾಡಿಗೆಗಿಂತ ಹೆಚ್ಚಾದರೆ ಆ ನಷ್ಟವನ್ನು ಪಗಾರದಲ್ಲಿ ಕಳೆಯಲು ಬರುವುದಿಲ್ಲ, ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಬರುತ್ತದೆ. ಖರೀದಿ 50 ಲಕ್ಷ ಅಥವಾ ಅದಕ್ಕೂ ಹೆಚ್ಚಾದರೆ ಮಾರುವವರಿಗೆ ಕೊಡುವ ಮೊತ್ತದಲ್ಲಿ ನೂರಕ್ಕೆ 1ನ್ನು ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದು.

ಸಂಚಕಾರ, ಅಂದರೆ ಖರೀದಿಯ ಮುಂಗಡ, ಚೆಕ್ಕಿನಲ್ಲೋ ಬ್ಯಾಂಕಿನ ಮೂಲಕವೋ ಹೋಗಲಿ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಹೆಚ್ಚಿನ ಮುಂಗಡವನ್ನು ರೋಖಿನಲ್ಲಿ ಪಡೆಯುವಂತಿಲ್ಲ. ಮೊದಲು ಸಣ್ಣ ಮೊತ್ತ ಕೊಟ್ಟು ಕಾಗದಗಳ ಪ್ರತಿ ಪಡೆದು, ನಿಮ್ಮದೇ ವಕೀಲರಿಗೆ ತೋರಿಸಿ. ಸಂಚಕಾರ ಪತ್ರದಲ್ಲಿ ಎರಡು ಮಾತು ಇರಲೇಬೇಕು: ಕಾಗದದಲ್ಲಿ ದೋಷ ಸಿಕ್ಕರೆ ಅಥವಾ ಬ್ಯಾಂಕು ಅದೇ ಕಾರಣಕ್ಕೆ ಸಾಲ ನಿರಾಕರಿಸಿದರೆ ಪೂರ್ತಿ ಮೊತ್ತ ತಿರುಗಿ ಕೊಡಬೇಕು, ಮತ್ತು ಎಲ್ಲ ಹಿಸ್ಸೇದಾರರೂ ನೋಂದಣಿಯ ದಿನ ಹಾಜರಿರಬೇಕು. ಇಷ್ಟು ಬರೆದುಕೊಡಲು ಒಪ್ಪದ ಮಾಲೀಕರ ಮನೆ ಎಷ್ಟೇ ಅಗ್ಗವಿದ್ದರೂ ಬಿಟ್ಟು, ಮುಂದಿನದನ್ನು ನೋಡಿ.